ಓಡೋ ಪದ

ಸಂಜೆ ಗಾಡಿ ಯಲಹಂಕ ಸ್ಟೇಷನ್ನಿನಲ್ಲಿ ನಿಂತು, ಲಕ್ಕಣ್ಣ ಕೆಳಗೆ ಕಾಲಿಡುವಷ್ಟರಲ್ಲಿ ಟೆಂಟು ಸಿನಿಮಾದ ಕಡೆಯಿಂದ ಅವನ ಅಕ್ಕನ ದನಿ ಬಂತು.

ಹೊತ್ತು ಮುಳುಗಿತು ಬಾರೋ ದೊರೆಯೇ, ಹೊಸ್ತಿಲ ದೀಪ ಕಾಯುತಿದೆ.

ತೆಂಗಿನ ಮರದ ತುದಿಗೆ ಕಟ್ಟಿದ್ದ ತಗಡಿನ ಸ್ಪೀಕರು ಆ ಪದವನ್ನು ಕೆರೆಯ ಆಚೆಗೂ ಎಸೆಯುತ್ತಿತ್ತು. ಕೇಳಿದ್ದೇ ತಡ, ದಾರಿಯಲ್ಲಿದ್ದವರೆಲ್ಲ ಓಡತೊಡಗಿದರು. ಗಂಡಸರು ಪಂಚೆ ಎತ್ತಿ ಕಟ್ಟಿಕೊಂಡರು, ಹೆಂಗಸರು ನೆರಿಗೆ ಹಿಡಿದುಕೊಂಡರು, ಸೊಂಟದ ಮೇಲಿನ ಕೂಸುಗಳು ಕುಲುಕಾಟಕ್ಕೆ ಬಿಕ್ಕಳಿಸಿದವು. ಜಕ್ಕೂರಿನಿಂದ ಬಂದಿದ್ದ ಎತ್ತಿನ ಗಾಡಿಯೊಂದು ಜನರ ನಡುವೆಯೇ ನುಗ್ಗಿತು.

"ಜರಗಣ್ಣೋ, ಎಲ್ಡ್ನೇ ಪದ ಬಂದ್ಬುಡ್ತು!" ಎಂದು ಒಬ್ಬ ಲಕ್ಕಣ್ಣನ ಭುಜಕ್ಕೆ ಡಿಕ್ಕಿ ಹೊಡೆದು ಹೋದ.

ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಬೆಳಗಿನಿಂದ ಮೂಟೆ ಹೊತ್ತು ಬೆಂದಿದ್ದ ಭುಜ ಅದು. "ಕಣ್ಣಿಲ್ವೇನೋ ನಿಂಗೆ?" ಎಂದು ಲಕ್ಕಣ್ಣ ಕಿರುಚಿದ.

"ಕಣ್ಣೈತೆ ಕಣಣ್ಣ, ಟೇಮಿಲ್ಲ!"

ಸುತ್ತಲಿನವರು ನಕ್ಕರು. ಓಡುತ್ತಲೇ ನಕ್ಕರು. ಅಷ್ಟರಲ್ಲಿ ಪದ ಎರಡನೇ ಸಾಲಿಗೆ ಬಂದಿತ್ತು, ಅಲ್ಲಿ ಅಕ್ಕನ ದನಿ ಸಾಸಿವೆ ಸಿಡಿದ ಹಾಗೆ ಚಟಪಟ ಎಂದು ಒಡೆದು ಹೋಯಿತು. ನಿನ್ನೆ ಅಲ್ಲಿ ಇಷ್ಟು ಒಡೆದಿರಲಿಲ್ಲ. ಲಕ್ಕಣ್ಣನಿಗೆ ಚೆನ್ನಾಗಿ ಗೊತ್ತು. ಆ ಗ್ರಾಮಫೋನ್ ಪ್ಲೇಟು ದಿನಾ ಸವೆಯುತ್ತಿತ್ತು, ಮತ್ತು ಅಕ್ಕನ ದನಿ ಅಂತ ಭೂಮಿಯ ಮೇಲೆ ಉಳಿದಿದ್ದುದು ಅದೊಂದೇ ಪ್ಲೇಟು.

ಏಳು ವರ್ಷದ ಹಿಂದೆ ಹೀಗಿರಲಿಲ್ಲ. ಮುನಿಕೆಂಪಮ್ಮ ಹಾಡುತ್ತಾಳೆ, ತಮ್ಮ ಲಕ್ಕಣ್ಣ ಹಾರ್ಮೋನಿಯಂ ಹಿಡಿದು ದನಿ ಕೊಡುತ್ತಾನೆ ಅಂದರೆ ಸುತ್ತಲ ಹಳ್ಳಿಯವರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಮದರಾಸಿನ ಒಂದು ಪ್ಲೇಟು ಕಂಪನಿಯವರು ಇವರನ್ನು ಕರೆಸಿ, ನಾಲ್ಕೂ ಗೋಡೆಗೆ ಕಂಬಳಿ ಹೊದಿಸಿದ ಕೋಣೆಯಲ್ಲಿ ನಿಲ್ಲಿಸಿ ಎರಡು ಪದ ಹೇಳಿಸಿದರು. ಪ್ಲೇಟಿನ ಈ ಮುಖದಲ್ಲಿ 'ಸೊಪ್ಪು ಕೊಳ್ಳಿರೋ', ಆ ಮುಖದಲ್ಲಿ 'ಹೊತ್ತು ಮುಳುಗಿತು'. ಪ್ಲೇಟು ಬಂದ ವರ್ಷ ಹೋಟೆಲು, ಮದುವೆ ಮನೆ, ಜಾತ್ರೆ, ಎಲ್ಲಿ ಕಿವಿ ಇಟ್ಟರೂ ಅವೇ ಎರಡು. ಕಂಪನಿಯವರು ಮತ್ತೆ ಕರೆಸಿ ಇನ್ನೆರಡು ಪದ ಹೇಳಿಸಿದರು, ಅದನ್ನು ನಾಯಿಯೂ ಮೂಸಲಿಲ್ಲ. ಅಷ್ಟಕ್ಕೇ ಕಂಪನಿಗೆ ಇವರ ಹೆಸರು ಮರೆತುಹೋಯಿತು. ಅಕ್ಕನ ಹೊಟ್ಟೆಯೊಳಗೆ ಮೂಟೆಗಟ್ಟಲೆ ಪದಗಳಿದ್ದವು, ಬೀಸೋ ಕಲ್ಲಿನವು, ತೊಟ್ಟಿಲಿನವು, ಅವ್ವನ ಅವ್ವ ಹೇಳಿಕೊಟ್ಟವು. ಯಾವ ಚಪ್ಪರದಡಿ ಕೂತರೂ ಜನ ಮೂರನೆಯದನ್ನು ಕೇಳುತ್ತಿರಲಿಲ್ಲ. "ಅದೇ ಏಳಮ್ಮ, ಪ್ಲೇಟಿಂದು ಏಳು," ಅನ್ನುತ್ತಿದ್ದರು.

ಆಮೇಲೆ ದೊಡ್ಡಮುನಿಯಪ್ಪ ಟೆಂಟು ಹಾಕಿದ. ಟಿಕೆಟ್ಟು ಕೊಡಲು ಶುರುಮಾಡಿದಾಗ 'ಸೊಪ್ಪು ಕೊಳ್ಳಿರೋ', ದೀಪ ಆರಿಸಿ ಪರದೆ ಮೇಲೆ ಬೆಳಕು ಬಿಡುವ ಮುಂಚೆ 'ಹೊತ್ತು ಮುಳುಗಿತು'. ಇದು ಎಷ್ಟು ರೂಢಿಯಾಯಿತೆಂದರೆ ಪಕ್ಕದ ಹಳ್ಳಿ ಸಿಂಗಾಪುರದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದವರೂ ಮೊದಲನೆಯದು ಕೇಳಿ ಕಾಲು ತೊಳೆದುಕೊಳ್ಳುವರು, ಎರಡನೆಯದು ಕೇಳಿ ಓಡುವರು. ಅದಕ್ಕೆ ಓಡೋ ಪದ ಅಂತಲೇ ಹೆಸರಾಯಿತು. ರಾಜಾನುಕುಂಟೆಯ ಒಂದು ಮದುವೆಯಲ್ಲಿ ಅಕ್ಕ ಬಾಯಿ ತೆರೆದು 'ಹೊತ್ತು ಮುಳುಗಿತು' ಅಂದದ್ದೇ, ಪಂಕ್ತಿಯಲ್ಲಿ ಕೂತಿದ್ದ ಅರ್ಧ ಜನ ಎಲೆ ಬಿಟ್ಟು ಎದ್ದುಬಿಟ್ಟರು. ಎದ್ದಮೇಲೆ ತಾವೇ ನಾಚಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ಸೆರಗು ಅಡ್ಡ ಹಿಡಿದು ನಕ್ಕಳು. ಲಕ್ಕಣ್ಣ ಮಾತ್ರ ಹಾರ್ಮೋನಿಯಂ ಮುಚ್ಚಿ ಅಲ್ಲಿಂದ ಎದ್ದು ಬಂದ.

ಅದೇ ಅವಳ ಕೊನೆಯ ಹಾಡುಗಾರಿಕೆ. ಗಂಟಲಲ್ಲಿ ಗಡ್ಡೆ ಕಾಣಿಸಿತು. ಪ್ರಾಣ ಉಳಿಯಬೇಕಾದರೆ ದನಿ ಹೋಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದರು, ಹಾಗೆಯೇ ಆಯಿತು. ಆಸ್ಪತ್ರೆ ಖರ್ಚಿಗೆ ಮನೆಯ ಗ್ರಾಮಫೋನು, ಪ್ಲೇಟು, ಹಾರ್ಮೋನಿಯಂ ಎಲ್ಲ ಹೋದವು. ಈಗ ಅವಳ ಬಾಯಿಂದ ಬರುವುದು ಬರೀ ಉಸಿರು. ಮುಖದ ಹತ್ತಿರ ಕಿವಿ ತಂದರೆ ಒಂದೆರಡು ಮಾತು ತಿಳಿಯುತ್ತದೆ, ಅದಕ್ಕೂ ಅವಳು ದಣಿಯುತ್ತಾಳೆ.

ಚಿಕ್ಕಪೇಟೆಯ ಅಂಗಡಿ ಅಂಗಡಿ ತಿರುಗಿ ಲಕ್ಕಣ್ಣ ಅದೇ ಪ್ಲೇಟಿನ ಇನ್ನೊಂದು ಪ್ರತಿ ಹುಡುಕಿದ್ದ. ಅರಗಿನ ಪ್ಲೇಟು, ಕೈ ಜಾರಿದರೆ ಮಡಕೆಯ ಹಾಗೆ ಚೂರು. ಹೋಟೆಲುಗಳಲ್ಲಿ ಇದ್ದವೆಲ್ಲ ಒಡೆದು ಹೋಗಿದ್ದವು, ಯಾರೂ ಕೊಳ್ಳದ ಆ ಎರಡನೇ ಪ್ಲೇಟೂ ಎಲ್ಲೂ ಸಿಗಲಿಲ್ಲ.

ಆ ಸಂಜೆ ಅವನು ನೇರ ಮನೆಗೆ ಹೋಗಲಿಲ್ಲ, ಟೆಂಟಿಗೆ ಹೋದ. ದೊಡ್ಡಮುನಿಯಪ್ಪ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಎಲೆ ಅಡಿಕೆ ಜಗಿಯುತ್ತಿದ್ದ. ಪಕ್ಕದ ಗುಡಿಸಲಲ್ಲಿ ಪ್ಲೇಟು ಹಾಕುವ ಚಿಕ್ಕಮಾರಯ್ಯ ಕುಕ್ಕರಗಾಲಲ್ಲಿ ಕೂತು, ಗ್ರಾಮಫೋನಿನ ಮೊಂಡು ಮುಳ್ಳನ್ನು ಸಾಣೆ ಕಲ್ಲಿಗೆ ತೀಡುತ್ತಿದ್ದ.

ಲಕ್ಕಣ್ಣನಿಗೆ ಸಿಟ್ಟು ನೆತ್ತಿಗೇರಿತು. "ಅಲ್ಲಯ್ಯಾ, ಒಂದ್ಸಾರಿ ಆಡಿದ್ ಮುಳ್ಳು ಬಿಸಾಕ್ಬೇಕು. ಕಲ್ಲಿಗ್ ತೀಡಿ ಮತ್ತೆ ಹಾಕ್ತೀಯಲ್ಲ, ಅದೇನ್ ಮುಳ್ಳೋ, ಪ್ಲೇಟ್ ಉಳೋ ನೇಗಿಲೋ?"

"ಯಜಮಾನ್ರು ತಂದ್ಕೊಟ್ರೆ ಒಸಾದು ಆಕ್ತೀನಿ," ಎಂದು ಚಿಕ್ಕಮಾರಯ್ಯ ತಲೆ ಎತ್ತದೆ ಹೇಳಿದ.

ದೊಡ್ಡಮುನಿಯಪ್ಪ ನಕ್ಕ. "ಬಾರೋ ಬಾರೋ, ದೊರೆ! ಏನ್ ಸಮಾಚಾರ?"

"ಆ ಪ್ಲೇಟ್ ಕೊಟ್ಬುಡಿ ಯಜಮಾನ್ರೇ. ಬೇರೆ ಯಾವ್ದಾದ್ರೂ ಹಾಕ್ಕೊಳಿ. ಅಕ್ಕನ್ ದನಿ ಅದ್ರಲ್ ಬಿಟ್ರೆ ಇನ್ನೆಲ್ಲೂ ಇಲ್ಲ."

"ಅದು ಪ್ಲೇಟಲ್ಲಪ್ಪ, ನಮ್ ಟೆಂಟಿನ್ ಗಂಟೆ. ಗಂಟೆ ಕೊಟ್ಬುಟ್ಟು ನಾನೇನ್ ತಮಟೆ ಬಡೀಲಾ?"

"ಯಾರೂ ಕೇಳ್ತಿಲ್ಲ ಅದನ್ನ. ಬಾರೋ ಅಂತ ಅವ್ಳು ಕರೀತಿದ್ರೆ ನಿಮ್ ಜನ ಬಯ್ಕೊಂಡು, ಉಗುಳ್ಕೊಂಡು, ಒಬ್ರನ್ನೊಬ್ರು ತುಳ್ಕೊಂಡು ಓಡ್ತಾರೆ."

"ಓಡ್ಲಿ ಬಿಡೋ. ನಿಂತ್ಕೊಂಡ್ ಕೇಳಿದ್ರೆ ಟಿಕೆಟ್ ಯಾರ್ ತಗೊಂತಾರೆ?"

ಗೇಟಿನ ಬಳಿ ಇದ್ದವರು ಕಿಸಕ್ಕನೆ ನಕ್ಕರು. ಲಕ್ಕಣ್ಣ ಮುಷ್ಟಿ ಬಿಗಿದು ಹಿಂದಿರುಗಿದ. ಮನೆಯಲ್ಲಿ ಅಕ್ಕ ಹುರುಳಿ ಸಾರಿಗೆ ಒಗ್ಗರಣೆ ಹಾಕಿ ಕಾದಿದ್ದಳು. ಅವನು ಉಣ್ಣಲು ಕೂತ. ಅವಳು ಎಂದಿನಂತೆ ಎದುರಿಗೆ ಕೂತು ಗಾಳಿ ಬೀಸಿದಳು. ಇವಳು ದಿನಾ ಆ ಅವಮಾನ ಕೇಳಿಸಿಕೊಂಡು ಹೇಗೆ ತಡೆದುಕೊಳ್ಳುತ್ತಾಳೋ, ಬಾಯಿಬಿಟ್ಟು ಬಯ್ಯಲೂ ದನಿಯಿಲ್ಲವಲ್ಲ ಅಂದುಕೊಂಡು ಅವನು ಅರ್ಧಕ್ಕೇ ಕೈ ತೊಳೆದ.

ಆ ವಾರದಲ್ಲೇ ಒಂದು ಸಂಜೆ ಅದು ಆಯಿತು. ಲಕ್ಕಣ್ಣ ಟೆಂಟಿನ ಮುಂದೆ ಹಾದು ಬರುತ್ತಿದ್ದ. 'ಹೊತ್ತು ಮುಳುಗಿತು' ಶುರುವಾಗಿ ಎರಡನೇ ಸಾಲಿಗೆ ಬಂದದ್ದೇ ಮುಳ್ಳು ಒಂದೇ ಗೆರೆಯಲ್ಲಿ ಸಿಕ್ಕಿಕೊಂಡಿತು. "ಕಾಯುತಿ... ಕಾಯುತಿ... ಕಾಯುತಿ..." ಜನ ಹೋ ಎಂದರು. ಒಬ್ಬ ಬೆಕ್ಕಿನ ಹಾಗೆ ಕೂಗಿದ.

"ಮುದುಕೀಗೆ ಬಿಕ್ಕಳಿಕೆ ಬಂದೈತೆ, ನೀರ್ ಕುಡಿಸ್ರೋ!"

ಮೂವತ್ತೈದು ತುಂಬದ ಅಕ್ಕನಿಗೆ ಮುದುಕಿ ಅಂದರು. ಲಕ್ಕಣ್ಣ ತಟ್ಟಿಯ ಬೇಲಿ ಹಾರಿದ. ಗುಡಿಸಲಿಗೆ ನುಗ್ಗಿ ಚಿಕ್ಕಮಾರಯ್ಯನನ್ನು ಪಕ್ಕಕ್ಕೆ ನೂಕಿ, ಮುಳ್ಳೆತ್ತಿ, ಇನ್ನೂ ತಿರುಗುತ್ತಿದ್ದ ಪ್ಲೇಟನ್ನು ಎರಡೂ ಅಂಗೈಯಿಂದ ಹಿಡಿದು ಎತ್ತಿಕೊಂಡ. ಹಿಡಿಯಲು ಬಂದವನ ಎದೆಗೆ ಮೊಣಕೈಯಿಂದ ಗುದ್ದಿದ. ತುಟಿ ಒಡೆದು ರಕ್ತ ಬಂದರೂ ಪ್ಲೇಟನ್ನು ಮಾತ್ರ ಎದೆಗವಚಿಕೊಂಡೇ ಇದ್ದ.

ದೊಡ್ಡಮುನಿಯಪ್ಪ ಕೈ ಎತ್ತಿ ಎಲ್ಲರನ್ನೂ ತಡೆದ. "ಬಿಡ್ರೋ ಅವನ್ನ. ತಗೊಂಡೋಗ್ಲಿ. ಎಂಗಿದ್ರೂ ಅದು ಸವ್ದೋಗೈತೆ."

ಲಕ್ಕಣ್ಣ ಮನೆ ಮುಟ್ಟಿದಾಗ ಅಕ್ಕ ಹೊಸ್ತಿಲ ಮೇಲೆ ನಿಂತಿದ್ದಳು. ಪಕ್ಕದ ಮನೆಯ ಕುಲ್ಸುಮ್ ಊದಿನಕಡ್ಡಿ ಹೊಸೆಯುವ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಜಗುಲಿಯಲ್ಲಿ ಕೂತಿದ್ದಳು. ಲಕ್ಕಣ್ಣ ಗೆದ್ದವನ ಹಾಗೆ ಪ್ಲೇಟು ಚಾಚಿದ.

"ತಗೋ ಅಕ್ಕ. ಇನ್ಮೇಲೆ ಯಾವ ನನ್ಮಗನೂ ನಿನ್ ಪದದ್ ಮೇಲೆ ಕಾಲಿಟ್ಕೊಂಡ್ ಓಡಲ್ಲ."

ಮುನಿಕೆಂಪಮ್ಮ ಪ್ಲೇಟು ಮುಟ್ಟಲಿಲ್ಲ. ಅವನ ತಲೆಯನ್ನು ಹತ್ತಿರ ಎಳೆದುಕೊಂಡು ಕಿವಿಗೆ ಉಸಿರು ಬಿಟ್ಟಳು. "ನೀನಾ... ನಿಲ್ಸಿದ್ದು?"

"ಹೂಂ. ಯಾರೂ ಕೇಳ್ತಿರ್ಲಿಲ್ಲ ಅಕ್ಕ. ಓಡ್ತಿದ್ರು."

"ಓಡ್ಲಿ," ಎಂದಳು ಅವಳು. ನಡುವೆ ಉಸಿರು ಕಟ್ಟಿತು, ಮತ್ತೆ ಎಳೆದುಕೊಂಡಳು. "ನಾನ್ ಬಾರೋ ಅಂದ್ರೆ... ಊರೇ ಓಡ್ ಬರ್ತಿತ್ತು ಕಣೋ."

ಅಷ್ಟು ಹೇಳಿ ಒಳಗೆ ಹೋದಳು. ಲಕ್ಕಣ್ಣ ಪ್ಲೇಟು ಹಿಡಿದು ಅಲ್ಲೇ ನಿಂತ. ಕುಲ್ಸುಮ್ ಹಲಗೆ ಪಕ್ಕಕ್ಕಿಟ್ಟು ಅವನನ್ನು ದುರುಗುಟ್ಟಿ ನೋಡಿದಳು.

"ಏನ್ ಘನಂದಾರಿ ಕೆಲ್ಸ ಮಾಡ್ಬಿಟ್ಟೆ ಲಕ್ಕಣ್ಣ! ನೀನು ಆ ಹೊತ್ನಲ್ಲಿ ಒಂದಿನಾನಾದ್ರೂ ಮನೇಲಿದ್ದೀಯಾ? ರೈಲಲ್ಲಿರ್ತೀಯ, ಸ್ಟೇಷನ್ನಲ್ಲಿರ್ತೀಯ. ನಾನ್ ನೋಡ್ತೀನಿ ದಿನಾ. ಮೊದಲ್ನೇ ಪದಕ್ಕೆ ಮುಖ ತೊಳ್ಕೊಂಡು ಕುಂಕುಮ ಇಟ್ಕೋತಾಳೆ. ಎರಡ್ನೇದಕ್ಕೆ ಹೊಸ್ತಿಲಲ್ಲಿ ಕೂತ್ಕೊಂಡು ತುಟಿ ಆಡಿಸ್ತಾಳೆ, ದನಿ ಅಲ್ಲಿಂದ, ಬಾಯಿ ಇಲ್ಲಿಂದ. ಈ ಬೀದೀಲಿ ಓಡೋರೆಲ್ಲ ಅವಳು ಕರೆದಿದ್ದಕ್ಕೆ ಓಡ್ತಾರೆ ಅನ್ಕೋ. ಅದೊಂದ್ ಹೊತ್ತು ಅವಳು ಮೂಗಿ ಅಲ್ಲ."

"ನಂಗ್ ಯಾರ್ ಹೇಳಿದ್ರು ಕುಲ್ಸುಮಕ್ಕ?"

"ನೀನ್ ಯಾರನ್ ಕೇಳಿದೆ?"

ಮಾರನೆಯ ದಿನದಿಂದ ಅಕ್ಕ ಸಂಜೆ ಹೊಸ್ತಿಲಿಗೆ ಬರಲಿಲ್ಲ ಅಂತ ಕುಲ್ಸುಮೇ ಹೇಳಿದಳು. ಬೇಳೆ ಬೇಯುವ ಮಡಕೆಯ ಮುಂದೆ ಕೂತು ಒಲೆ ನೋಡುತ್ತಿದ್ದಳಂತೆ. ಪ್ಲೇಟು ಗೂಡಿನಲ್ಲಿ ಹಳೆಯ ಸೀರೆಯ ತುಂಡಿನೊಳಗೆ ಇತ್ತು. ಅದನ್ನು ಹಾಕಲು ಮನೆಯಲ್ಲಿ ಗ್ರಾಮಫೋನು ಇರಲಿಲ್ಲ. ಇದು ಲಕ್ಕಣ್ಣನಿಗೆ ಕಸಿದುಕೊಳ್ಳುವಾಗ ಹೊಳೆದೇ ಇರಲಿಲ್ಲ. ಟೆಂಟಿಗೆ ತಿರುಗಿ ಹೋಗಲು ಸಿಟ್ಟು ಬಿಡಲಿಲ್ಲ. ಸಿಟ್ಟು ಇಳಿಯುವ ಹೊತ್ತಿಗೆ ಹದಿನೈದು ದಿನವೇ ಕಳೆದಿತ್ತು.

ಒಂದು ಭಾನುವಾರ ಬೆಳಿಗ್ಗೆ, ಎಂದೂ ಇಲ್ಲದ ಹಾಗೆ ಗೂಡ್ಸ್ ಶೆಡ್ಡಿಗೆ ರಜ ಸಿಕ್ಕಾಗ, ಪ್ಲೇಟನ್ನು ಕಂಕುಳಲ್ಲಿ ಇಟ್ಟುಕೊಂಡು ದೊಡ್ಡಮುನಿಯಪ್ಪನ ಮನೆಗೆ ಹೋದ.

"ತಪ್ಪಾಯ್ತು ಯಜಮಾನ್ರೇ. ಮತ್ತೆ ಹಾಕ್ಸಿ ಇದನ್ನ."

ದೊಡ್ಡಮುನಿಯಪ್ಪ ಹಲ್ಲುಜ್ಜುತ್ತಿದ್ದವನು ಬೇವಿನ ಕಡ್ಡಿ ತೆಗೆದ. "ಅಯ್ಯೋ ದೊರೆ, ತಡವಾಗೋಯ್ತಲ್ಲೋ. ಇನ್ನೊಂದ್ ಪ್ಲೇಟು ತರ್ಸಿವ್ನಿ, ಜೋರಾಗಿ ಕ್ಲಾರಿನೆಟ್ ಐತೆ. ಒಂದೇ ವಾರ ಕಣೋ! ಜನ ಅದಕ್ಕೇ ಓಡ್ತಾವ್ರೆ. ಈಗ ಬದಲಾಯ್ಸುದ್ರೆ ಟಿಕೆಟ್ಟೋ ಸಿನಿಮಾನೋ ಅಂತ ಗಲಿಬಿಲಿ ಆಯ್ತಾರೆ."

"ಕಾಲಿಗ್ ಬೀಳ್ತೀನಿ."

ಲಕ್ಕಣ್ಣ ಯಾರ ಕಾಲಿಗೂ ಬಿದ್ದವನಲ್ಲ. ಅದು ದೊಡ್ಡಮುನಿಯಪ್ಪನಿಗೂ ಗೊತ್ತಿತ್ತು. ಅವನು ಒಂದು ಕ್ಷಣ ಇವನ ಮುಖ ನೋಡಿ, ಬಾಯಿ ಮುಕ್ಕಳಿಸಿದ. "ಆಯ್ತು ಬಿಡು. ಟಿಕೆಟ್ ಕೊಡೋಕ್ ಮುಂಚೆ ಸುಮ್ಕೆ ಆಕಿಸ್ತೀನಿ. ಕೆಂಪಮ್ಮನ್ ಮುಖ ನೋಡ್ಕೊಂಡು. ಮುಳ್ಳೂ ಒಸಾದು ಆಕು ಅಂತೀನಿ, ಸರೀನಾ?"

ಲಕ್ಕಣ್ಣ ಬಸ್ ಸ್ಟ್ಯಾಂಡಿನ ತನಕ ಹೋಗಿ ಅಕ್ಕನಿಗೆ ಒಂದು ಮೊಳ ಕನಕಾಂಬರ ತಂದ. ಸಂಜೆ ಅವಳ ಕೈ ಹಿಡಿದು ಹೊಸ್ತಿಲಿಗೆ ಕರೆತಂದು ಕೂರಿಸಿ, ತಾನೂ ಮೆಟ್ಟಿಲ ಮೇಲೆ ಕೂತ. "ಕೇಳು ಅಕ್ಕ, ಈಗ ಬರುತ್ತೆ," ಎಂದ. ಕುಲ್ಸುಮ್ ಕಡ್ಡಿ ಹೊಸೆಯುವುದನ್ನು ನಿಲ್ಲಿಸಿದಳು.

ಪದ ಬಂತು. ಹೊಸ ಮುಳ್ಳಿಗೆ ದನಿ ಎಷ್ಟೋ ತಿಳಿಯಾಗಿತ್ತು. "ಹೊತ್ತು ಮುಳುಗಿತು ಬಾರೋ ದೊರೆಯೇ." ಮುನಿಕೆಂಪಮ್ಮನ ಬೆನ್ನು ನೆಟ್ಟಗಾಯಿತು. ತುಟಿ ಅಲುಗಿತು. ಲಕ್ಕಣ್ಣ ಮೊದಲ ಸಲ ಅದನ್ನು ಕಂಡ. ಒಂದಕ್ಷರವೂ ಹಿಂದೆ ಮುಂದೆ ಆಗದ ಹಾಗೆ, ಎಲ್ಲಿ ಉಸಿರು ಎಳೆಯಬೇಕೋ ಅಲ್ಲಿ ಎದೆ ಏರಿಸಿ, ಅಕ್ಕ ಹಾಡುತ್ತಿದ್ದಳು. ಅವನ ಪಾಲಿನ ದನಿ ಬರುವಲ್ಲಿ ಅವನ ಕಡೆ ತಿರುಗಿ ಹುಬ್ಬು ಹಾರಿಸಿದಳು. ಅವನೂ ತುಟಿ ಆಡಿಸಿದ, ದನಿ ತೆಗೆಯಲಿಲ್ಲ.

ಆಮೇಲೆ ಅವಳು ಬೀದಿಯ ಕಡೆ ನೋಡಿದಳು.

ಬೀದಿಯಲ್ಲಿ ಯಾರೂ ಓಡುತ್ತಿರಲಿಲ್ಲ. ಎದುರು ಮನೆಯವನು ಎಮ್ಮೆಯನ್ನು ಗೂಟಕ್ಕೆ ಕಟ್ಟುತ್ತಿದ್ದ. ಟೆಂಟಿಗೆಂದೇ ಮುಂಚಿತವಾಗಿ ಬಂದಿದ್ದ ಇಬ್ಬರು ಹುಣಸೆ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬೀಡಿ ಹೊತ್ತಿಸಿದರು. ಒಬ್ಬ ಸ್ಪೀಕರಿನ ಕಡೆ ಕತ್ತೆತ್ತಿ, "ಇದು ಅಳೇದಲ್ವಾ?" ಎಂದ. "ಇನ್ನೂ ಬೇಕಾದಂಗೆ ಒತ್ತೈತೆ, ಕೂತ್ಕೊಳೋ," ಎಂದ ಇನ್ನೊಬ್ಬ.

ಅಕ್ಕನ ತುಟಿ ನಿಂತಿತು. ಸ್ಪೀಕರಿನೊಳಗಿನ ದನಿ ಮಾತ್ರ ಬಾರೋ ಬಾರೋ ಎನ್ನುತ್ತ ಕೊನೆಯ ಸಾಲಿನವರೆಗೂ ಹೋಯಿತು. ಮುಳ್ಳು ಒಂದಿಷ್ಟು ಹೊತ್ತು ಖಾಲಿ ಗೆರೆಯಲ್ಲಿ ಕೆರೆಯಿತು, ಯಾರೋ ಎತ್ತಿದರು.

"ನಾಳೇನೂ ಹಾಕ್ತಾರೆ ಅಕ್ಕ. ದಿನಾ ಹಾಕ್ತಾರೆ," ಎಂದ ಲಕ್ಕಣ್ಣ.

ಅವಳು ಅವನ ತಲೆಗೂದಲಲ್ಲಿ ಒಂದು ಸಲ ಬೆರಳಾಡಿಸಿ, ಗೋಡೆ ಹಿಡಿದು ಎದ್ದಳು. ಲಕ್ಕಣ್ಣ ಕಿವಿ ಹತ್ತಿರ ತಂದ, ಏನಾದರೂ ಹೇಳುತ್ತಾಳೇನೋ ಎಂದು. ಅವಳು ಹೊಸ್ತಿಲು ದಾಟಿ ಒಳಗೆ ನಡೆದಳು. ಟೆಂಟಿನ ಕಡೆಯಿಂದ ಕ್ಲಾರಿನೆಟ್ಟು ಜೋರಾಗಿ ಮೊಳಗಿದಾಗ ಬೀದಿಯ ತುಂಬ ಕಾಲುಗಳ ಸದ್ದೆದ್ದು, ಧೂಳು ಹೊಸ್ತಿಲವರೆಗೂ ಬಂತು. ಅಷ್ಟರಲ್ಲಿ ಅಕ್ಕ ಹಿತ್ತಲ ಬಾಗಿಲು ತೆರೆದು, ಪಾತ್ರೆ ಬೆಳಗಲು ಕೂತಾಗಿತ್ತು.