ಪೆರುಮಾಳನ ಪಂಚೆಯ ತುಂಡು

"ಆ ಗ್ಲೌಸಿಂದ ಕೈ ಆಚೆ ತಗಿ, ಪುಷ್ಪಾ. ಮನೆಗ್ ಓಗಾನ."

ಬಂಗಾರಪೇಟೆಯ ಆ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದವಳು ಪುಷ್ಪಳ ತಾಯಿ ಪಾಪಕ್ಕ. ಮಗಳು ಉಕ್ಕಿಗೆ ಪುಡಿ ಹೊಡೆದು ಶುಚಿ ಮಾಡುವ ಕೆಲಸ ಮಾಡುತ್ತಾಳೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಚಿನ್ನದ ಗಣಿಯ ನಂದಿದುರ್ಗ ಕಾಲೊನಿಯಿಂದ ಹೊರಟು ಬಂದಿದ್ದಳು. ಪಾಪಕ್ಕ ಹಿಡಿದ ಮೊಲಕ್ಕೆ ಮೂರೇ ಕಾಲು. ಮಗಳಿಗೂ ಅದೇ ಗುಣ ಬಂದಿತ್ತು. ಯಂತ್ರದ ಪೆಟ್ಟಿಗೆಗೆ ಜೋಡಿಸಿದ್ದ ಗ್ಲೌಸಿನೊಳಗೆ ಕೈ ತೂರಿಸಿ ನಿಂತಿದ್ದ ಅವಳಿಗೆ ಅದನ್ನು ಬಿಟ್ಟು ಹೋಗಲು ಸುತರಾಂ ಇಷ್ಟವಿರಲಿಲ್ಲ.

"ಧೂಳು ಎಲ್ಲೈತಮ್ಮ? ಇದು ವೆಟ್ ಬ್ಲಾಸ್ಟಿಂಗು. ಗಾಜಿನ ಪುಡಿ ನೀರಲ್ಲಿ ಕಲ್ಸ್ಕೊಂಡೇ ಬತ್ತೈತೆ. ಎಲ್ಲಾ ಪೆಟ್ಟಿಗೆ ಒಳಗೇ."

"ಗಣೀಲೂ ನೀರು ಬುಡ್ತಿದ್ರು. ಏನೂ ಆಗಲ್ಲ ಅಂತ ನಿಮ್ಮಪ್ಪಾನೂ ಅಂತಿದ್ದ."

ಪುಷ್ಪಳ ಅಪ್ಪ ಪೆರುಮಾಳ್ ಗಣಿಯ ಧೂಳು ಕುಡಿದು, ಕೆಮ್ಮಿ ಕೆಮ್ಮಿಯೇ ಹೋದವನು. ಪಾಳಿ ಮುಗಿಸಿ ಬಂದವನನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಒದ್ದೆ ಬಟ್ಟೆಯಿಂದ ಮೂಗು ಒರೆಸಿ ನೋಡುವುದು ಪಾಪಕ್ಕನ ಪದ್ಧತಿಯಾಗಿತ್ತು.

"ಈ ಅಚ್ಚು ಮುಗೀಲಿ. ಆಮೇಲೆ ನನ್ ಮೂಗೂ ಒರ್ಸಿ ನೋಡು," ಎಂದಳು ಪುಷ್ಪ. "ಧೂಳು ಕಂಡ್ರೆ ನಿನ್ ಜತೇಗೇ ಬತ್ತೀನಿ. ತಿರ್ಗಾ ಈ ಕಡೆ ತಲೆ ಆಕಲ್ಲ."

ಮಾಲೀಕ ಕಾಂತರಾಜ್ ಕುರ್ಚಿ ತಂದು ಹಾಕಿದ. ಪಾಪಕ್ಕ ಕೂರಲಿಲ್ಲ; ಮಗಳ ಬೆನ್ನಿಗೇ ನಿಂತು ಪೆಟ್ಟಿಗೆಯ ಗಾಜಿನೊಳಗೆ ಇಣುಕಿದಳು. ಪುಷ್ಪ ಪೆಡಲ್ ತುಳಿದಳು. ಬೂದುನೀರು ರಭಸದಿಂದ ಚಿಮ್ಮಿತು. ರಬ್ಬರ್ ವಾಷರ್ ತಯಾರಿಸುವ ಉಕ್ಕಿನ ಅಚ್ಚು ಅದು. ಗುಳಿಗಳಲ್ಲಿ ಸುಟ್ಟು ಅಂಟಿದ್ದ ಕರಿ ಮೆಲ್ಲಗೆ ಬಿಟ್ಟುಕೊಂಡಿತು. ಅಂಚು ಸವೆಯದಂತೆ ನಳಿಕೆ ಆಡಿಸುವುದು ಅವಳಿಗೆ ಕರತಲಾಮಲಕ. ಅಮ್ಮ ನೋಡುತ್ತಿದ್ದಾಳೆಂದು ಇನ್ನಷ್ಟು ಹುರುಪು ಬಂತು. ಸೋಲುತ್ತೇನೆಂದು ಅವಳಿಗೆ ಅನ್ನಿಸಲೇ ಇಲ್ಲ.

ಅಚ್ಚನ್ನು ಆಚೆ ತೆಗೆದು ತೊಳೆದಿಟ್ಟದ್ದೇ ಪಾಪಕ್ಕ ಸೊಂಟದಿಂದ ಬಟ್ಟೆ ತೆಗೆದಳು. ಪೆರುಮಾಳನ ಬಿಳಿ ಪಂಚೆಯ ತುಂಡು. ಅದರ ತುದಿಯನ್ನು ನಲ್ಲಿಯಲ್ಲಿ ನೆನೆಸಿ, ಕೈಗೂಸಿಗೆ ಒರೆಸುವಂತೆ ಮಗಳ ಮೂಗಿನ ಹೊಳ್ಳೆ ಒರೆಸಿದಳು. ಶೆಡ್ಡಿನವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಪುಷ್ಪ ನಾಚಲಿಲ್ಲ.

ಬಟ್ಟೆ ಬಿಳಿಯಾಗಿಯೇ ಇತ್ತು. ಪಾಪಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ತಿರುಗಿಸಿ ನೋಡಿದಳು.

"ನಿಮ್ಮಪ್ಪಂದು ಒಂದ್ ದಿನಾನೂ ಇಂಗ್ ಬೆಳ್ಳಗ್ ಬರ್ಲಿಲ್ಲ," ಎಂದಳು. ಅವಳ ಕಣ್ಣು ತುಂಬಿ ಬಂತು.

"ಅಚ್ಚು ಒರ್ಸಮ್ಮ, ಪುಷ್ಪಾ. ನೀರು ನಿಂತ್ರೆ ತುಕ್ಕು ಇಡೀತದೆ," ಎಂದ ಕಾಂತರಾಜ್.

ಪುಷ್ಪ ಚಿಂದಿ ಹುಡುಕುವಷ್ಟರಲ್ಲಿ ಪಾಪಕ್ಕ ಅಚ್ಚಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಪಂಚೆಯ ಒಣ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಒಂದೊಂದೇ ಗುಳಿಯ ತೇವ ಒರೆಸತೊಡಗಿದಳು.