ಚುಕ್ಕೆ ಹೇಂಟೆ ಕಾವಿಗೆ ಕೂತಾಗ

ಚುಕ್ಕೆ ಹೇಂಟೆ ಮತ್ತೆ ಕಾವಿಗೆ ಕೂತಿತ್ತು. ಬುಟ್ಟಿಯಲ್ಲಿ ಒಂದು ಮೊಟ್ಟೆಯೂ ಇರಲಿಲ್ಲ. ಆದರೂ ಮೈಯೆಲ್ಲ ಉಬ್ಬಿಸಿಕೊಂಡು, ಯಾರು ಹತ್ತಿರ ಹೋದರೂ ಕುಕ್ಕಲು ಬರುತ್ತಿತ್ತು. ಶಾಮಲಮ್ಮ ಕಾವು ಬಿಡಿಸಲೆಂದು ಅದನ್ನೆತ್ತಿ, ಹೊಟ್ಟೆ ನೆನೆಯುವಂತೆ ತೊಟ್ಟಿಯ ನೀರಿನಲ್ಲಿ ಅದ್ದಿ, ಅಂಗಳದಲ್ಲಿ ಬಿಟ್ಟು ಮೇಲೆ ಮಂಕರಿ ಕವುಚಿದಳು. ಸಂಜೆ ಮಂಕರಿ ಎತ್ತಿದ್ದೇ ತಡ, ಅದು ಮತ್ತೆ ಬುಟ್ಟಿಗೇ ಓಡಿತು.

"ಮೂಗಿಗೆ ಪುಕ್ಕ ಚುಚ್ಚಿಬಿಡು ಶಾಮಲಮ್ಮಾ, ಕಾವು ಇಳಿದೋಗ್ತದೆ," ಎಂದರು ಪಕ್ಕದ ಮನೆಯ ತಾಜುನ್ನೀಸಾ, ಗೋಡೆಯ ಆಚೆಯಿಂದ. "ಈ ಬಿಸಿಲಲ್ಲಿ ಮರಿ ಮಾಡ್ಸಿದ್ರೆ ಎಷ್ಟು ಉಳೀತವೆ?"

"ಬ್ಯಾಡಮ್ಮಾ, ಅದಕ್ಕೆ ನೋವಾಗ್ತದೆ," ಎಂದು ಜಾಹ್ನವಿ ಶಾಮಲಮ್ಮನ ಸೆರಗು ಜಗ್ಗಿದಳು.

ಅಮ್ಮ ಎನ್ನುತ್ತಿದ್ದಳೇ ಹೊರತು ಹೆತ್ತವಳು ಬೇರೆ. ಶಾಮಲಮ್ಮನ ತಂಗಿ ಆಶಾರಾಣಿ ಹೆರಿಗೆಯಾದ ವಾರದೊಳಗೇ ತೀರಿಕೊಂಡಿದ್ದಳು. ಮಕ್ಕಳಿಲ್ಲದ ಶಾಮಲಮ್ಮ ಕೂಸನ್ನು ಮಡಿಲಲ್ಲಿಟ್ಟುಕೊಂಡು ತನ್ನೂರು ದೇವರಾಯಸಮುದ್ರಕ್ಕೆ ಬಂದಳು. ಸ್ಕೂಲಿಗೆ ಸೇರಿಸುವ ಹೊತ್ತಿಗೆ ಕರೆದುಕೊಂಡು ಹೋಗುತ್ತೇನೆ ಎಂದು ತಂದೆ ಕದಿರೇಶ್ ಆಗಲೇ ಹೇಳಿದ್ದ. ಆಗ ಅದು ಬಹಳ ದೂರದ ಮಾತಿನಂತೆ ಕೇಳಿಸಿತ್ತು. ಅವನು ವೇಮಗಲ್‌ನ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ, ಹೋದ ವರ್ಷ ಮರುಮದುವೆಯಾಗಿದ್ದ.

ಮಾರನೇ ದಿನ ಅವನ ಫೋನು ಬಂತು.

"ಅಕ್ಕಾ, ಈ ಭಾನುವಾರ ಬರ್ತೀವಿ. ಮಗೂನ ಒಂದನೇ ಕ್ಲಾಸಿಗೆ ಇಲ್ಲೇ ಸೇರಿಸ್ತೀನಿ."

ಶಾಮಲಮ್ಮ ತಲೆ ಎತ್ತಿದಳು. ಎದುರಿಗೆ ಹೇಂಟೆ ಬರಿ ಬುಟ್ಟಿಯಲ್ಲಿ ಕೂತಿತ್ತು.

"ಕೋಳಿ ಕಾವಿಗೆ ಕೂರ್ಸಿದೀನಿ ಕಣಪ್ಪಾ," ಎಂದುಬಿಟ್ಟಳು. "ಮಗು ಮರಿ ನೋಡ್ಬೇಕು ಅಂತ ಆಸೆ ಇಟ್ಕೊಂಡೈತೆ. ಮರಿ ಎದ್ದಮೇಲೆ ಬಾ. ಮೂರು ವಾರ ಅಷ್ಟೆ."

ಕದಿರೇಶ್, "ಆಯ್ತು ಬಿಡಕ್ಕಾ," ಎಂದ.

ಆ ಸಂಜೆಯೇ ಶಾಮಲಮ್ಮ ತಾಜುನ್ನೀಸಾರ ಮನೆಯಿಂದ ಒಳ್ಳೆಯ ಮೊಟ್ಟೆ ತಂದು ಹೇಂಟೆಯ ಕೆಳಗಿಟ್ಟಳು. ಅದು ಒಂದೊಂದನ್ನೂ ಕೊಕ್ಕಿನಿಂದ ಹೊಟ್ಟೆಯಡಿಗೆ ಎಳೆದುಕೊಂಡಿತು. ಜಾಹ್ನವಿ ಚಪ್ಪಾಳೆ ತಟ್ಟಿ ಕುಣಿದಳು. ಗಂಡ ಮುನಿರಾಮಪ್ಪ ಜಗಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ.

"ಮೂರು ವಾರ ಆದ್ಮೇಲೆ ಏನ್ ಹೇಳ್ತೀಯೇ?" ಎಂದು ಕೇಳಿದ. ಅವಳು ಹೇಂಟೆಯ ಮುಂದೆ ನೀರಿನ ಬಟ್ಟಲಿಟ್ಟಳು.

ಜಾಹ್ನವಿ ದಿನಾ ಅಂಗನವಾಡಿಯಿಂದ ಬಂದವಳೇ ಚೀಲ ಬಿಸಾಡಿ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಶಾಮಲಮ್ಮ ಹಿಂದಿನಿಂದ ಅವಳ ಜಡೆ ಹೆಣೆಯುತ್ತ, ಹೆಣೆದದ್ದನ್ನು ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು.

ಮರಿಯೊಡೆಯುವ ದಿನ ಹತ್ತಿರವಾಯಿತು. ಒಂದು ಬೆಳಿಗ್ಗೆ ಮಗು ಮನೆಯಲ್ಲಿರಲಿಲ್ಲ, ಹೇಂಟೆ ಮೇವಿಗೆಂದು ಎದ್ದು ಹೋಗಿತ್ತು. ಶಾಮಲಮ್ಮ ಸರಸರನೆ ಮೊಟ್ಟೆಗಳನ್ನೆಲ್ಲ ಸೆರಗಿಗೆ ತುಂಬಿಕೊಂಡಳು. ತಿಪ್ಪೆಗೆ ಹಾಕಿ ಹೊಸ ಮೊಟ್ಟೆ ಇಟ್ಟರೆ ಇನ್ನೂ ಮೂರು ವಾರ ಸಿಗುತ್ತದೆ. ಬಿಸಿಲಿಗೆ ಕೆಟ್ಟವು ಎಂದರೆ ಯಾರು ಅನುಮಾನಪಡುತ್ತಾರೆ? ತಾಜುನ್ನೀಸಾ ಮೊದಲೇ ಹೇಳಿದ್ದರಲ್ಲ.

ತಿಪ್ಪೆಯ ಹತ್ತಿರ ಹೋಗುವಾಗ ಹೊಟ್ಟೆಗೆ ಏನೋ ಮೆಲ್ಲಗೆ ತಾಕಿದಂತಾಯಿತು. ನಿಂತಳು. ಸೆರಗಿನೊಳಗಿಂದ ಚೀಂವ್ ಎಂದಿತು. ಒಂದು ಮೊಟ್ಟೆಯ ಸಿಪ್ಪೆ ಆಗಲೇ ಬಿರುಕು ಬಿಟ್ಟಿತ್ತು. ಒಳಗಿನಿಂದ ಪುಟ್ಟ ಕೊಕ್ಕು ಕುಟ್ಟುತ್ತಿತ್ತು.

"ಅಯ್ಯೋ, ನಾನೇನ್ ಮಾಡ್ತಿದೀನಿ," ಎಂದವಳೇ ಹಿಂದಕ್ಕೆ ಓಡಿದಳು. ಹೇಂಟೆ ಖಾಲಿ ಬುಟ್ಟಿಯ ಸುತ್ತ ಕೂಗಾಡುತ್ತ ಸುತ್ತುತ್ತಿತ್ತು. ಮೊಟ್ಟೆಗಳನ್ನು ಒಂದೊಂದಾಗಿ ಇಡುವಾಗ ಅದು ಅವಳ ಕೈಯನ್ನು ರಕ್ತ ಬರುವ ಹಾಗೆ ಕುಕ್ಕಿತು. ಅವಳು ಕೈ ಎಳೆದುಕೊಳ್ಳಲಿಲ್ಲ. ಅದು ಕೂತು ರೆಕ್ಕೆ ಹರಡಿದ ಮೇಲೆ, ಅಲ್ಲೇ ನೆಲದ ಮೇಲೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಮರಿಗಳು ಎದ್ದವು. ಶಾಮಲಮ್ಮ ತಾನೇ ಕದಿರೇಶನಿಗೆ ಫೋನ್ ಮಾಡಿ ಬರಹೇಳಿದಳು.

ಅವನ ಜೊತೆ ಬಂದ ಹೆಂಡತಿ ಆದಿಲಕ್ಷ್ಮಿಯಲ್ಲಿ ಏನಾದರೂ ತಪ್ಪು ಸಿಗುತ್ತದೇನೋ ಎಂದು ಶಾಮಲಮ್ಮ ನೋಡಿಯೇ ನೋಡಿದಳು. ಸಿಗಲಿಲ್ಲ. ಆ ಹುಡುಗಿ ಮಗುವಿಗೆ ಹಳದಿ ಫ್ರಾಕು ತಂದಿದ್ದಳು. ಅಡುಗೆಮನೆಗೆ ಬಂದು ಹತ್ತಿರ ನಿಂತು, "ಅಕ್ಕಾ, ಖಾರ ತಿಂತಾಳಾ? ಮಲಗೋವಾಗ ಏನು ಅಭ್ಯಾಸ?" ಎಂದು ಕೇಳಿದಳು.

"ಪಕ್ಕದಲ್ಲಿರೋರ ಕಿವಿ ಹಿಡ್ಕೊಂಡು ಮಲಗ್ತಾಳೆ," ಎಂದಳು ಶಾಮಲಮ್ಮ. "ಕಿವೀಲಿ ಓಲೆ ಇದ್ರೆ ತೆಗೆದಿಡು, ಚುಚ್ತದೆ."

ಬೈಕಿನಲ್ಲಿ ಇಬ್ಬರ ನಡುವೆ ಕೂತ ಜಾಹ್ನವಿಗೆ ಸುತ್ತಾಡಿ ಬರುವ ಸಂಭ್ರಮ. "ಅಮ್ಮಾ, ಸಾಯಂಕಾಲ ಮರಿಗಳನ್ನ ಮುಚ್ಬೇಡ. ನಾನೇ ಬಂದು ಮುಚ್ತೀನಿ," ಎಂದು ಕೂಗಿದಳು. ಮುನಿರಾಮಪ್ಪ ಮುಖ ತಿರುಗಿಸಿಕೊಂಡ. "ಆಗಲಿ ಕಣೇ," ಎಂದಳು ಶಾಮಲಮ್ಮ. ಬೈಕು ಕೆರೆ ಏರಿ ಹತ್ತಿ ಮರೆಯಾಯಿತು.

ಮೊದಲ ವಾರವೆಲ್ಲ ಫೋನಿನಲ್ಲಿ ಮಗುವಿನ ಅಳುವೇ. "ಬಂದು ಕರ್ಕೊಂಡೋಗಮ್ಮಾ" ಎನ್ನುತ್ತಿದ್ದಳು. ಶಾಮಲಮ್ಮ ಎರಡು ಸಲ ಬಸ್‌ಸ್ಟಾಪಿನವರೆಗೂ ಹೋಗಿ ಹಿಂದಿರುಗಿದಳು. ಆಮೇಲೆ ಅಳು ಕಡಿಮೆಯಾಯಿತು, ಫೋನೂ ಕಡಿಮೆಯಾಯಿತು.

ಗೌರಿಹಬ್ಬದ ಹಿಂದಿನ ದಿನ ಜಾಹ್ನವಿಯೇ ಮಾತಾಡಿದಳು. ಸ್ಕೂಲು, ಹೊಸ ಗೆಳತಿ, ಬಳೆ ಎಂದು ಗಲಗಲನೆ ಹೇಳುತ್ತ ಹೋಗಿ, ನಡುವೆ, "ಇರು ದೊಡ್ಡಮ್ಮಾ, ಅಮ್ಮ ಕರೀತಾವ್ಳೆ," ಎಂದಳು.

ಶಾಮಲಮ್ಮ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. ಮಗು ತಿರುಗಿ ಬಂದಾಗ, "ಊಟ ಆಯ್ತಾ ಕಂದಾ?" ಎಂದು ಕೇಳಿದಳು.