ಕೆಂಪು ಚುಕ್ಕೆಯ ಬಾಲ

ನನ್ನ ತಂಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ರಿವಾಲ್ವರ್ ಹಿಡಿಯುವುದನ್ನು ಅವಳಿಗೆ ಕಲಿಸಿದವಳೇ ನಾನು. ಉಸಿರು ಅರ್ಧ ಬಿಟ್ಟು ನಿಲ್ಲಿಸು, ಟ್ರಿಗರ್ ಎಳೆಯಬೇಡ, ಒತ್ತು ಎಂದು ಒಂದು ವರ್ಷ ಅವಳ ಹಿಂದೆ ನಿಂತು ಬಾಯಿ ನೋಯಿಸಿಕೊಂಡವಳು. ಅವಳು ನರ್ಸು. ದಿನಕ್ಕೆ ನಲವತ್ತು ಜನಕ್ಕೆ ಸೂಜಿ ಚುಚ್ಚುವ ಕೈ ನಡುಗುವುದೇ ಇಲ್ಲ. ಅದರ ಮೇಲೆ ಹೋದ ವರ್ಷ ರಿವಾಲ್ವರಿನ ನೆತ್ತಿಗೆ ಒಂದು ರೆಡ್ ಡಾಟ್ ಕೂರಿಸಿಕೊಂಡಳು. ಪುಟ್ಟ ಗಾಜು, ಅದರೊಳಗೆ ಒಂದು ಕೆಂಪು ಚುಕ್ಕೆ. ಚುಕ್ಕೆಯನ್ನು ಗುರಿಯ ಮೇಲೆ ಇಟ್ಟರಾಯಿತು, ನನ್ನ ಹಾಗೆ ನಳಿಗೆಯ ಹಿಂದಿನ ಕಚ್ಚು, ಮುಂದಿನ ಗೂಟ ಎರಡನ್ನೂ ಸರಿಹೊಂದಿಸುತ್ತಾ ಒದ್ದಾಡಬೇಕಿಲ್ಲ.

ನಮ್ಮ ಶೂಟಿಂಗ್ ಕ್ಲಬ್ಬಿನ ತಂಡದಲ್ಲಿ ರಿವಾಲ್ವರಿಗೆ ಇರುವುದು ಒಂದೇ ಜಾಗ. ಆರು ವರ್ಷದಿಂದ ಅದು ನನ್ನದು. ಹೋದ ತಿಂಗಳ ಆಯ್ಕೆಯಲ್ಲಿ ನನಗೂ ಅವಳಿಗೂ ನೂರಕ್ಕೆ ತೊಂಬತ್ತೊಂದು ಬಂತು. ಸಮ ಬಂದರೆ ಹಳಬರಿಗೇ ಜಾಗ, ಅದು ಕ್ಲಬ್ಬಿನ ನಿಯಮ. ಒಬ್ಬರ ಟಾರ್ಗೆಟ್ಟಿನ ತೂತುಗಳನ್ನು ಇನ್ನೊಬ್ಬರು ಎಣಿಸಿ ಸಹಿ ಹಾಕುವುದೂ ನಿಯಮವೇ. ಅವಳದನ್ನು ನಾನು ಎಣಿಸಿದೆ. ಒಂದು ತೂತು ಹತ್ತರ ಗೆರೆಯ ಹತ್ತಿರ ಇತ್ತು. ಗೆರೆಗೆ ತಾಗಿದ್ದರೆ ಹತ್ತು, ಇಲ್ಲದಿದ್ದರೆ ಒಂಬತ್ತು. ಒಂಬತ್ತು ಎಂದು ಬರೆದೆ. ತಂಗಿ ಒಮ್ಮೆ ಹಾಳೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಸರಿ ಎಂದಳು. ಎಣಿಸಿದವರೇ ಹಾಳೆ ಇಟ್ಟುಕೊಳ್ಳಬೇಕಾದ್ದರಿಂದ ಅದು ನನ್ನ ಕನ್ನಡಕದ ಅಂಗಡಿಯ ಡ್ರಾಯರಿಗೆ ಹೋಯಿತು.

ಆದರೆ ಸಮ ಬಂದದ್ದೇ ನನ್ನ ನಿದ್ದೆ ಕೆಡಿಸಿತು. ಮುಂದಿನ ಸಲ ಜಾಗ ಹೋಗುವುದು ಖಂಡಿತ. ಅದಕ್ಕೇ ನಾನೂ ರೆಡ್ ಡಾಟ್ ಹಾಕಿಸಲು ಹೊರಟೆ. ತಂಗಿ ತಾನೂ ಬರುತ್ತೇನೆಂದಳು. ಬೇಡ ಎನ್ನಲು ಕಾರಣ ಸಿಗಲಿಲ್ಲ.

ಬಂದೂಕಿನ ಅಂಗಡಿಯವನು ಗಾಜಿನ ಮೇಜಿನ ಮೇಲೆ ಬಟ್ಟೆ ಹಾಸಿ ಗುರಿ ಹಿಡಿಯುವ ನಾಲ್ಕು ಸೈಟುಗಳನ್ನು ಸಾಲಾಗಿ ಇಟ್ಟ. ಇದು ಕೊಳವೆಯಂಥದ್ದು, ಇದು ಬರೀ ಕಿಟಕಿಯಂಥದ್ದು, ಇದರ ಚುಕ್ಕೆ ದೊಡ್ಡದು, ಬೇಗ ಕಣ್ಣಿಗೆ ಸಿಗುತ್ತದೆ ಎಂದು ವಿವರಿಸಿದ. ನಾನು ಕೇಳಿದ್ದು ಒಂದೇ: ನನ್ನ ತಂಗಿಯದಕ್ಕಿಂತ ಚಿಕ್ಕ ಚುಕ್ಕೆ ಯಾವುದರಲ್ಲಿದೆ? ಚುಕ್ಕೆ ಚಿಕ್ಕದಾದಷ್ಟೂ ಕೈಯ ನಡುಕ ಎದ್ದು ಕಾಣುತ್ತದೆ, ಮೊದಲ ಸಲಕ್ಕೆ ಮಧ್ಯಮದ್ದೇ ಒಳ್ಳೆಯದು ಎಂದು ಅವನು ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಎಲ್ಲಕ್ಕಿಂತ ಚಿಕ್ಕದನ್ನೇ ಎತ್ತಿಕೊಂಡು ಎದುರಿನ ಗೋಡೆಯತ್ತ ಹಿಡಿದೆ.

ಚುಕ್ಕೆಗೆ ಬಾಲವಿತ್ತು. ಮೇಲಿನಿಂದ ಓರೆಯಾಗಿ ಯಾರೋ ಬೆರಳಿನಿಂದ ಒರೆಸಿದ ಹಾಗೆ. ಎರಡನೆಯದನ್ನು ತೆಗೆದುಕೊಂಡೆ, ಅದಕ್ಕೂ ಬಾಲ. ಮೂರನೆಯದಕ್ಕೂ ಅದೇ. ಚುಕ್ಕೆಯ ಬೆಳಕು ಕಡಿಮೆ ಮಾಡಿ ನೋಡಿ ಎಂದ ಅಂಗಡಿಯವನು. ಬಾಲ ಸಣ್ಣದಾಯಿತು, ಹೋಗಲಿಲ್ಲ. ಹದಿನೆಂಟು ವರ್ಷದಿಂದ ಕನ್ನಡಕದ ಅಂಗಡಿ ನಡೆಸುತ್ತಿರುವವಳಿಗೆ ಕಳಪೆ ಗಾಜು ಮಾರಲು ಹೊರಟಿದ್ದೀರಾ ಎಂದು ಅವನ ಮೇಲೆ ಹರಿಹಾಯ್ದೆ. ತಂಗಿ ಮೂರನ್ನೂ ಒಂದೊಂದಾಗಿ ಎತ್ತಿ ನೋಡಿದಳು.

"ದುಂಡಗೇ ಇದೆಯಲ್ಲ ಅಕ್ಕಾ."

"ನಿನಗೇನು, ನಾನು ಕೆಟ್ಟದ್ದು ತಗೊಂಡ್ರೆ ನಿನಗೇ ಒಳ್ಳೇದು."

ಮಾತು ಬಾಯಿಂದ ಹೋಗಿಯಾಗಿತ್ತು. ತಂಗಿ ಸೈಟನ್ನು ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟು ಕಿಟಕಿಯ ಕಡೆ ತಿರುಗಿದಳು. ಅಂಗಡಿಯವನು ಕೆಮ್ಮಿ, ಅಮ್ಮಾ, ಗಡಿಯಾರದ ಮುಳ್ಳಿನ ಹಾಗೆ ಸೈಟನ್ನೇ ಸುತ್ತ ತಿರುಗಿಸಿ ನೋಡಿ, ದೋಷ ಗಾಜಿನದಾದರೆ ಬಾಲವೂ ಜೊತೆಗೆ ತಿರುಗುತ್ತದೆ ಎಂದ.

ತಿರುಗಿಸಿದೆ. ಸೈಟು ಪೂರ್ತಿ ಒಂದು ಸುತ್ತು ಬಂತು. ಬಾಲ ಇದ್ದಲ್ಲೇ ಇತ್ತು.

ನನಗೆ ಮತ್ತೆ ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಬೀದಿದೀಪಕ್ಕೆ ಬಾಲ ಕಾಣುತ್ತದೆ ಎಂದು ಬರುವವರನ್ನು ದಿನಾ ಕೂರಿಸಿಕೊಂಡು, ದೋಷ ದೀಪದ್ದಲ್ಲ, ನಿಮ್ಮ ಕಣ್ಣಿನದು, ಸಿಲಿಂಡರ್ ಪವರ್ ಇದೆ ಎಂದು ಹೇಳಿ ಕಳಿಸುವವಳು ನಾನು. ತಂಗಿಗೂ ಅದೇ ದೋಷವಿತ್ತು. ಎರಡು ವರ್ಷದ ಹಿಂದೆ ಅವಳಿಗೆ ಗಾಜು ಉಜ್ಜಿ ಕನ್ನಡಕ ಕೂರಿಸಿಕೊಟ್ಟವಳೂ ನಾನೇ. ಅವಳಿಗೆ ದುಂಡಗೆ ಕಾಣುತ್ತಿದ್ದದ್ದು ನನ್ನ ಕೈಗುಣ. ನನ್ನ ಕಣ್ಣನ್ನು ಮಾತ್ರ ನಾನು ಒಂದು ದಿನವೂ ಆ ಕುರ್ಚಿಗೆ ಒಪ್ಪಿಸಿರಲಿಲ್ಲ. ನನ್ನ ಹಳೆಯ ಕರಿಯ ಗೂಟ ಸ್ವಲ್ಪ ಮಂಜಾಗಿ ಕಂಡರೆ ಗೂಟ ಇರುವುದೇ ಹಾಗೆ ಎಂದುಕೊಂಡಿದ್ದೆ.

ಏನನ್ನೂ ಕೊಳ್ಳದೆ ನನ್ನ ಅಂಗಡಿಗೆ ಬಂದೆವು.  ಬಾಗಿಲು ತೆಗೆದ ಮೇಲೆ ಅವಳೇ ಕುರ್ಚಿ ತೋರಿಸಿ, ಕೂತ್ಕೋ ಎಂದಳು. ಓದುವ ಕಾಲದಲ್ಲಿ ರಜೆಗೆ ಬಂದು ನನ್ನ ಕೈಕೆಳಗೆ ಕೆಲಸ ಮಾಡಿದ್ದಳು, ಯಾವ ಗಾಜು ಯಾವ ಗೂಡಿನಲ್ಲಿದೆ ಎಂದು ಗೊತ್ತು. ಪರೀಕ್ಷೆಯ ಫ್ರೇಮನ್ನು ನನ್ನ ಮೂಗಿನ ಮೇಲೆ ಕೂರಿಸಿ ಗಾಜು ಬದಲಾಯಿಸುತ್ತಾ ಹೋದಳು. ಇದು ಚೆನ್ನಾಗಿದೆಯೋ, ಇದೋ? ದಿನಕ್ಕೆ ನೂರು ಸಲ ನಾನು ಕೇಳುವ ಪ್ರಶ್ನೆ.  ಆರನೆಯ ಗಾಜಿಗೆ ಕೊನೆಯ ಸಾಲಿನ ಅಕ್ಷರಗಳು ಚೂಪಾಗಿ ನಿಂತವು.

ಹತ್ತಿರದ ನೋಟಕ್ಕೆ ಇನ್ನೊಂದು ಗಾಜು ಸೇರಿಸಿ, ಏನಾದರೂ ಓದು ಎಂದಳು. ಡ್ರಾಯರ್ ಎಳೆದು ಕೈಗೆ ಸಿಕ್ಕ ಕಾಗದ ತೆಗೆದೆ. ಅವಳ ಟಾರ್ಗೆಟ್. ಕೆಳಗೆ ನನ್ನ ಸಹಿ, ಆ ತೂತಿನ ಪಕ್ಕದಲ್ಲಿ ನಾನು ಬರೆದ ಒಂಬತ್ತು. ತೂತಿನ ಅಂಚು ಹತ್ತರ ಗೆರೆಯನ್ನು ಕಚ್ಚಿಕೊಂಡಿತ್ತು. ಸ್ವಲ್ಪವಲ್ಲ, ಚೆನ್ನಾಗಿಯೇ.

ಅವಳಿಗೆ ತೊಂಬತ್ತೆರಡು. ಜಾಗ ಅವಳದು.

ತಂಗಿ ನನ್ನ ಭುಜದ ಮೇಲಿಂದ ಬಾಗಿ ನೋಡಿದಳು. ಆ ದಿನವೇ ಅವಳಿಗೆ ಕಂಡಿರಬೇಕು. ಹಾಳೆಯನ್ನು ನನ್ನ ಕೈಯಿಂದ ಬಿಡಿಸಿಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ.

"ಕಣ್ಣೇ ಹೀಗಿದ್ರೆ ನೀನಾದ್ರೂ ಏನ್ ಮಾಡ್ತೀಯ ಅಕ್ಕಾ," ಎಂದಳು.

ಎಷ್ಟು ಸುಲಭವಾಗಿ ನನ್ನನ್ನು ಪಾರುಮಾಡಿಬಿಟ್ಟಳು. ಆ ಒಳ್ಳೆಯತನವನ್ನು ಕಂಡೂ ನನಗೆ ಹೊಟ್ಟೆ ಉರಿಯಿತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು, ಆರು ವರ್ಷ ಏಳಾಗುತ್ತಿತ್ತು. ಕೂದಲೆಳೆಯಷ್ಟು ಗೀರನ್ನೂ ಬಿಡದೆ ಹುಡುಕುವ ನನ್ನ ಭೂತಗನ್ನಡಿ ಎಂದಿನ ಹಾಗೆ ಕೋಟಿನ ಜೇಬಿನಲ್ಲೇ ಇತ್ತು. ಅದನ್ನು ತೆಗೆದು ಹಾಳೆಯ ಮೇಲೆ ಇಟ್ಟೆ.

"ಕಣ್ಣಲ್ಲ ಕಣೇ. ಆ ದಿನಾನೂ ಇದು ಜೇಬಲ್ಲೇ ಇತ್ತು. ತೆಗೀಲಿಲ್ಲ."

ಅವಳು ಗಾಜುಗಳನ್ನು ಒಂದೊಂದಾಗಿ ಗೂಡಿಗೆ ವಾಪಸು ಇಡತೊಡಗಿದಳು. ಫ್ರೇಮು ನನ್ನ ಮೂಗಿನ ಮೇಲೇ ಇತ್ತು. ನಾನು ಒಂಬತ್ತನ್ನು ಹೊಡೆದು ಹತ್ತು ಎಂದು ಬರೆದೆ, ಪಕ್ಕದಲ್ಲಿ ಮತ್ತೊಂದು ಸಹಿ ಹಾಕಿದೆ, ಆಮೇಲೆ ಕ್ಲಬ್ಬಿನಲ್ಲಿ ತಂಡ ಆರಿಸುವ ಮೇಷ್ಟ್ರಿಗೆ ಫೋನ್ ಮಾಡಿದೆ.